ಕಲಿತದ್ದು ಕೈಯಲ್ಲಿದೆ, ಕಾಗದ ಎಲ್ಲಿದೆ?

ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಮೀಸಲಾದ ಒಂದು ವಿಶ್ವವಿದ್ಯಾನಿಲಯ ಮೈಸೂರಿನಲ್ಲಿದೆ. 2009ರ ಕಾಯ್ದೆಯಿಂದ ಹುಟ್ಟಿದ ಅದಕ್ಕೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿಡಲಾಗಿದೆ. ಕಿರಾಣಾ ಘರಾಣೆಯ ಈ ಮಹಾನ್ ಗಾಯಕಿ ಶಾಲೆಯಲ್ಲಿ ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ. ಮೊದಲು ತಾಯಿ ಅಂಬಾಬಾಯಿಯವರ ಹಾಡಿಕೆ ಕೇಳಿ ಬೆಳೆದರು. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು, ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತರು. ಅವರ ಹೆಸರಿನ ಹಿಂದಿರುವ ‘ಡಾ.’ ವಿಶ್ವವಿದ್ಯಾನಿಲಯಗಳು ಗೌರವವಾಗಿ ಕೊಟ್ಟದ್ದು.

ಒಂದು ಪ್ರಶ್ನೆ ಕೇಳಿಕೊಳ್ಳೋಣ. ಅಂಥದೇ ವಿದ್ಯೆಯುಳ್ಳ, ಅಷ್ಟೇ ಶಾಲಾ ಓದಿನ ಒಬ್ಬ ಗಾಯಕಿ ಇಂದು ಯಾವುದಾದರೂ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕಿಯಾಗಲು ಅರ್ಜಿ ಹಾಕಿದರೆ ಏನಾಗುತ್ತದೆ? ಅಥವಾ ವಿದ್ಯಾರ್ಥಿಯಾಗಿಯೇ ಪದವಿ ತರಗತಿಗೆ ಸೇರಬೇಕೆಂದರೆ? ಅವರ ಹಾಡು ಕೇಳುವ ಮೊದಲು ಕಚೇರಿಯ ಗುಮಾಸ್ತರು ಅರ್ಜಿಗೆ ಲಗತ್ತಿಸಿದ ಅಂಕಪಟ್ಟಿಗಳನ್ನು ನೋಡುತ್ತಾರೆ. ಅಂಕಪಟ್ಟಿ ಇಲ್ಲದ ಅರ್ಜಿ ಹಾಡಿನ ತನಕ ತಲುಪುವುದೇ ಇಲ್ಲ.

ಸಂಗೀತಗಾರರ ಪಾಡಷ್ಟೇ ಇದಲ್ಲ. ಮೂವತ್ತು ವರ್ಷ ಬೀಟೆ ಮರದ ಮೇಲೆ ಕುಸುರಿ ಕೂರಿಸಿದ ಮೈಸೂರಿನ ಕೆಲಸಗಾರ, ಯಂತ್ರದ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೆಕ್ಯಾನಿಕ್, ಸಹಕಾರ ಸಂಘದ ಲೆಕ್ಕಪತ್ರವನ್ನು ಇಪ್ಪತ್ತು ವರ್ಷ ತಪ್ಪಿಲ್ಲದೆ ಬರೆದ ಗುಮಾಸ್ತೆ, ಇವರೆಲ್ಲರಿಗೂ ಎದುರಾಗುವ ಗೋಡೆ ಒಂದೇ. ‘ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು’ ಎಂಬ ಒಂದು ಸಾಲು ಬಡ್ತಿಯನ್ನು ತಡೆಯುತ್ತದೆ, ಸಂಬಳವನ್ನು ತಡೆಯುತ್ತದೆ, ಮುಂದಿನ ಓದನ್ನೂ ತಡೆಯುತ್ತದೆ. ದೊಡ್ಡವರು ಶಾಲೆಯ ಹೊರಗೆ ಕಲಿತದ್ದನ್ನು ಅಳೆದು, ಅದಕ್ಕೆ ಓದಿನಲ್ಲೂ ಕೆಲಸದಲ್ಲೂ ಬೆಲೆ ಕೊಡುವ ಏರ್ಪಾಡಿಗೆ ಈಗ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ವಿಷಯ ಹಳೆಯದು. ಅದರ ಬಹುಪಾಲು ಪ್ರಯೋಗಗಳು ಮೈಸೂರಿನಲ್ಲೇ ನಡೆದಿವೆ ಅಥವಾ ಮೈಸೂರಿನ ಮೂಲಕ ಹಾದುಹೋಗಿವೆ. ಆ ಪ್ರಯೋಗಗಳಲ್ಲಿ ಯಾವುದು ಏಕೆ ಫಲಿಸಿತು, ಯಾವುದು ಏಕೆ ಸೋತಿತು ಎಂದು ನೋಡಿದರೆ ಇಂದಿನ ಚರ್ಚೆಗೆ ಬೆಳಕು ಸಿಗುತ್ತದೆ.

ಗೌರವ ಬೇರೆ, ಅರ್ಹತೆ ಬೇರೆ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವರನ್ನು ನಮ್ಮ ವಿಶ್ವವಿದ್ಯಾನಿಲಯಗಳು ಗುರುತಿಸಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. ಪ್ರೌಢಶಾಲೆಯ ಕೊನೆಯ ಪರೀಕ್ಷೆಯನ್ನೂ ದಾಟದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್. ಪದವಿ ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟು ನಾಟಕ ಕಂಪನಿ ಸೇರಿದ ನಟ ರಾಜಕುಮಾರ್ ಅವರಿಗೂ 1976ರಲ್ಲಿ ಇದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಕನ್ನಡಿಗರೆಲ್ಲ ಸಂತೋಷಪಟ್ಟ ನಿರ್ಧಾರಗಳಿವು.

ಆದರೆ ಗೌರವ ಪದವಿ ಒಬ್ಬರ ಸಾಧನೆಗೆ ಸಮಾಜ ಸಲ್ಲಿಸುವ ವಂದನೆ. ಅದನ್ನು ತೋರಿಸಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ, ಮುಂದಿನ ತರಗತಿಗೆ ಸೇರುವಂತಿಲ್ಲ. ಅಲ್ಲದೆ ಅದು ಬರುವುದು ಜೀವನದ ಕೊನೆಯ ಘಟ್ಟದಲ್ಲಿ, ಹೆಸರು ಮಾಡಿದ ಮೇಲೆ. ಹೆಸರು ಮಾಡದೆ ಚೆನ್ನಾಗಿ ಕೆಲಸ ಕಲಿತ ಸಾವಿರಾರು ಜನರಿಗೆ ಬೇಕಾದದ್ದು ಹಾರವಲ್ಲ. ತಾವು ಇಷ್ಟು ಬಲ್ಲೆವು ಎಂದು ಒಪ್ಪಿಕೊಳ್ಳುವ, ಕಚೇರಿಯಲ್ಲಿ ನಡೆಯುವ ಒಂದು ಪತ್ರ ಅವರಿಗೆ ಬೇಕು.

ಆಸ್ಥಾನದಿಂದ ಪರೀಕ್ಷಾ ಮಂಡಳಿಗೆ

ಅರಸರ ಕಾಲದ ಮೈಸೂರಿನಲ್ಲಿ ಆ ಪತ್ರದ ಕೆಲಸವನ್ನು ಆಸ್ಥಾನ ಮಾಡುತ್ತಿತ್ತು. ವೀಣೆ ಶೇಷಣ್ಣನವರಂಥ (1852–1926) ವಿದ್ವಾಂಸರು ಯಾವ ಶಾಲೆಯ ಪ್ರಮಾಣಪತ್ರವನ್ನೂ ತೋರಿಸಬೇಕಾಗಿರಲಿಲ್ಲ. ನುಡಿಸಿದ್ದನ್ನು ಕೇಳಿ ತೂಗಬಲ್ಲ ಕಿವಿಗಳು ಅರಮನೆಯಲ್ಲೇ ಇದ್ದವು. 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಸೇರಿದ ತಿರುಮಕೂಡಲಿನ ಹುಡುಗ ಚೌಡಯ್ಯ ಮುಂದೆ ದೇಶದ ದೊಡ್ಡ ಪಿಟೀಲು ವಿದ್ವಾಂಸರಾಗಿ ಬೆಳೆದದ್ದಕ್ಕೆ ಗುರುವಿನ ಮಾತು ಮತ್ತು ಸಭಿಕರ ಕಿವಿ ಎರಡೇ ಸಾಕ್ಷಿ.

ಈ ವ್ಯವಸ್ಥೆಯನ್ನು ನೆನೆದು ನಿಟ್ಟುಸಿರು ಬಿಡುವವರು ಇನ್ನೊಂದು ಮುಖವನ್ನೂ ನೋಡಬೇಕು. ಆಸ್ಥಾನ ಕಲಿಕೆಯನ್ನು ಗುರುತಿಸುತ್ತಿತ್ತು, ನಿಜ. ಯಾರ ಕಲಿಕೆಯನ್ನು? ಗುರುವಿನ ಮನೆಯ ಬಾಗಿಲು ಯಾರಿಗೆ ತೆರೆಯುತ್ತಿತ್ತೋ ಅವರದ್ದನ್ನು. ವಂಶ, ಜಾತಿ, ಶಿಫಾರಸು ಇಲ್ಲದವರಿಗೆ ಆ ದಾರಿ ಕಷ್ಟದ್ದು. ಗಂಗೂಬಾಯಿಯವರೇ ಚಿಕ್ಕಂದಿನಲ್ಲಿ ಜಾತಿಯ ಕಾರಣಕ್ಕೆ ನೆರೆಹೊರೆಯವರಿಂದ ಅವಮಾನ ಉಂಡವರು. ಮುದ್ರಿತ ಪಠ್ಯ, ಗೊತ್ತಾದ ದಿನ, ನೋಂದಣಿ ಸಂಖ್ಯೆ ಇವುಗಳಿರುವ ಸಾರ್ವಜನಿಕ ಪರೀಕ್ಷೆ ಬಂದಾಗ ಅದು ಒಂದು ಬಿಡುಗಡೆಯೂ ಆಗಿತ್ತು. ಯಾರ ಮಗ, ಯಾರ ಮಗಳು ಎಂದು ಕೇಳದ ಕಾಗದ ಅದು. ಆದ್ದರಿಂದ ಪ್ರಮಾಣಪತ್ರವನ್ನು ಖಳನಾಯಕನಂತೆ ಚಿತ್ರಿಸುವುದು ಸುಲಭವಾದರೂ ನ್ಯಾಯವಲ್ಲ.

ಈ ಎರಡರ ನಡುವೆ ಕರ್ನಾಟಕ ಒಂದು ಒಳ್ಳೆಯ ಹದವನ್ನು ಕಂಡುಕೊಂಡಿತು. ಸಂಗೀತ, ನೃತ್ಯ, ತಾಳವಾದ್ಯಗಳ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೇ ಆ ಹದ. ರಾಜ್ಯದ ಶಾಲಾ ಪರೀಕ್ಷಾ ಮಂಡಳಿ ದಶಕಗಳ ಕಾಲ ಇವುಗಳನ್ನು ನಡೆಸಿತು. ಮೈಸೂರಿನ ಅಗ್ರಹಾರದಲ್ಲೋ ಸರಸ್ವತಿಪುರದಲ್ಲೋ ಯಾರದೋ ಮನೆಯ ನಡುಮನೆಯಲ್ಲಿ ಕಲಿತ ಗೃಹಿಣಿ, ಕಚೇರಿ ನೌಕರ, ವಿದ್ಯಾರ್ಥಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಬರೆಯುತ್ತಾರೆ, ಒಂದೇ ಪರೀಕ್ಷಕರ ಮುಂದೆ ಹಾಡುತ್ತಾರೆ. ಎಲ್ಲಿ ಕಲಿತಿರಿ, ಎಷ್ಟು ಶೇಕಡಾ ಹಾಜರಿ ಎಂಬ ಪ್ರಶ್ನೆಗಳಿಲ್ಲ. ಏನು ಬಲ್ಲಿರಿ ಎಂಬುದೊಂದೇ ಪ್ರಶ್ನೆ. ಸಂಗೀತ ಶಿಕ್ಷಕರ ನೇಮಕಕ್ಕೂ ಈ ಪರೀಕ್ಷೆಗಳು ಆಧಾರವಾದವು. ಕಲಿಕೆ ಖಾಸಗಿ, ಪರೀಕ್ಷೆ ಸಾರ್ವಜನಿಕ ಎಂಬ ಈ ಸೂತ್ರವೇ ಪೂರ್ವಕಲಿಕೆಯ ಮಾನ್ಯತೆಯ ತಿರುಳು.

ಭಾಷೆಯಲ್ಲೂ ಇದೇ ಸೂತ್ರ ನಡೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಅಂಗಡಿಯವರು, ಶಾಲಾ ಮೇಷ್ಟರು, ಗೃಹಿಣಿಯರು ಮನೆಯಲ್ಲೇ ಓದಿ ಕೂತರು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ, ಮೈಸೂರು ಹಿಂದಿ ಪ್ರಚಾರ ಪರಿಷತ್ತುಗಳ ಪರೀಕ್ಷೆಗಳು ಅನೇಕರನ್ನು ಹಿಂದಿ ಶಿಕ್ಷಕರನ್ನಾಗಿ ಮಾಡಿದವು. ಆದರೆ ಇಲ್ಲೊಂದು ಸಣ್ಣ ಅಕ್ಷರದ ಷರತ್ತು ಇತ್ತು. ಹಿಂದಿ ಸಂಸ್ಥೆಗಳ ಪರೀಕ್ಷೆಗಳನ್ನು ಮೆಟ್ರಿಕ್‌ಗೆ, ಬಿ.ಎ.ಗೆ ಸಮಾನ ಎಂದು ಕೇಂದ್ರ ಸರ್ಕಾರ ಒಪ್ಪಿದ್ದು ಆ ತರಗತಿಯ ಹಿಂದಿ ವಿಷಯದ ಮಟ್ಟಕ್ಕೆ ಮಾತ್ರ. ಇಡೀ ಮೆಟ್ರಿಕ್‌ಗೆ, ಇಡೀ ಪದವಿಗೆ ಅಲ್ಲ. ‘ಸಮಾನ’ ಎಂಬ ಪದವನ್ನು ನಂಬಿ ಅರ್ಜಿ ಹಾಕಿದವರಿಗೆ ಈ ಷರತ್ತು ಎದುರಾಗುತ್ತಿದ್ದುದು ಕಚೇರಿಯ ಕಿಟಕಿಯ ಬಳಿ.

ಪರದೆಯ ಹಿಂದಿನ ಪರೀಕ್ಷೆ

ಮೈಸೂರಿಗೂ ಬಾನುಲಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಈ ಬಾನುಲಿಯೇ ಸ್ವತಂತ್ರ ಭಾರತದಲ್ಲಿ ಪೂರ್ವಕಲಿಕೆಯನ್ನು ಅಳೆಯುವ ಅತ್ಯಂತ ಗಟ್ಟಿಯಾದ ಪದ್ಧತಿಯೊಂದನ್ನು ಕಟ್ಟಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದಾಗ ಕಲಾವಿದರ ಆಯ್ಕೆಗೆ ಧ್ವನಿಪರೀಕ್ಷೆ, ಅಂದರೆ ಆಡಿಷನ್, ಜಾರಿಗೆ ಬಂತು. ಸ್ಥಳೀಯ ಸಮಿತಿ ಮೊದಲು ಕೇಳುತ್ತದೆ. ಅಲ್ಲಿ ಒಪ್ಪಿಗೆಯಾದರೆ ಧ್ವನಿಮುದ್ರಣ ಮೇಲಿನ ಮಂಡಳಿಗೆ ಹೋಗುತ್ತದೆ. ಹಾಡಿದವರು ಯಾರೆಂಬುದು ಕೇಳುವವರಿಗೆ ತಿಳಿಯದಂತೆ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳನ್ನು ಕೊಡುತ್ತಾರೆ. ಶ್ರೇಣಿಗೆ ತಕ್ಕಂತೆ ಸಂಭಾವನೆ. ಇಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ.

ಆರಂಭದಲ್ಲಿ ಇದಕ್ಕೆ ಪ್ರತಿಭಟನೆ ಎದುರಾಗದೇ ಇರಲಿಲ್ಲ. ಹೆಸರಾಂತ ಕಲಾವಿದರೂ ಹೊಸಬರಂತೆ ಪರೀಕ್ಷೆಗೆ ಕೂರಬೇಕೆ ಎಂದು ಉತ್ತರ ಭಾರತದ ಸಂಗೀತಗಾರರು ಸಿಟ್ಟಾದರು. ಆದರೂ ಪದ್ಧತಿ ನಿಂತಿತು. ಅದಕ್ಕೆ ಮೂರು ಕಾರಣಗಳನ್ನು ಕೊಡಬಹುದು. ಅಳೆಯುವವರು ಆ ವಿದ್ಯೆಯನ್ನು ಬಲ್ಲವರು. ಅಳತೆಯಲ್ಲಿ ಮುಖದಾಕ್ಷಿಣ್ಯಕ್ಕೆ ಎಡೆ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಫಲಿತಾಂಶದ ಜತೆಗೆ ಹಣ ಬರುತ್ತದೆ. ಶ್ರೇಣಿ ಏರಿದರೆ ಸಂಭಾವನೆ ಏರುತ್ತದೆ. ಈ ಮೂರನ್ನೂ ನೆನಪಿಟ್ಟುಕೊಳ್ಳೋಣ. ಇವುಗಳಲ್ಲಿ ಒಂದು ತಪ್ಪಿದರೂ ಮಾನ್ಯತೆ ಎಂಬುದು ಬರೀ ಕಾಗದವಾಗುತ್ತದೆ.

ಆಕಾಶವಾಣಿಯ ಈ ಶ್ರೇಣಿಗೆ ವಿಶ್ವವಿದ್ಯಾನಿಲಯಗಳೂ ಬೆಲೆ ಕೊಟ್ಟದ್ದುಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2010ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಸಂಗೀತ, ನೃತ್ಯ ವಿಭಾಗಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎರಡು ದಾರಿಗಳಿದ್ದವು. ಒಂದು, ಸ್ನಾತಕೋತ್ತರ ಪದವಿ ಮತ್ತು ಅರ್ಹತಾ ಪರೀಕ್ಷೆಯ ಮಾಮೂಲು ದಾರಿ. ಇನ್ನೊಂದು, ಹೆಸರಾಂತ ಗುರುಗಳ ಬಳಿ ಕಲಿತು, ಬಾನುಲಿ ಅಥವಾ ದೂರದರ್ಶನದ ಎ ಶ್ರೇಣಿ ಪಡೆದು, ಪಾಠ ಹೇಳುವ ಸಾಮರ್ಥ್ಯವುಳ್ಳ ಸಾಂಪ್ರದಾಯಿಕ ಕಲಾವಿದರ ದಾರಿ. 2018ರ ನಿಯಮಗಳಲ್ಲಿ ಈ ಎರಡನೆಯ ದಾರಿಗೆ ಒಂದು ಷರತ್ತು ಸೇರಿಕೊಂಡಿತು: ಪದವಿ ಪಡೆದಿರಬೇಕು. ಐದನೆಯ ತರಗತಿಯವರೆಗೆ ಓದಿದ ಎ ಶ್ರೇಣಿಯ ಗಾಯಕಿಗೆ ಖಾಯಂ ಅಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿದ್ದು ಇಂಥ ಚಿಕ್ಕ ತಿದ್ದುಪಡಿಯಿಂದ.

ದಕ್ಷತೆಯ ಅಳತೆ ಯಾವುದು?

ಕೆಲಸಕ್ಕೆ ಓದೇ ಅಳತೆಯೆ ಎಂಬ ಪ್ರಶ್ನೆಯನ್ನು ಮೈಸೂರು ಸಂಸ್ಥಾನ ನೂರು ವರ್ಷಕ್ಕೂ ಹಿಂದೆಯೇ ಕೇಳಿಕೊಂಡಿತ್ತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲು ಕಡಿಮೆ ಎಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಆ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಶಿಫಾರಸು ಮಾಡಿತು. ಆಗ ಎದ್ದ ಆಕ್ಷೇಪ ಇಂದಿಗೂ ಕೇಳುವಂಥದ್ದೇ: ದಕ್ಷತೆ ಕೆಡುತ್ತದೆ ಎಂದು.

ಸಮಿತಿಯ ಉತ್ತರ ಗಮನಾರ್ಹ. ದಕ್ಷತೆಯನ್ನು ಓದಿನ ಅರ್ಹತೆಯೊಂದರಿಂದಲೇ ಅಳೆಯಲಾಗದು, ಮುಖ್ಯವಾಗಿ ಅದರಿಂದ ಅಳೆಯುವುದೂ ಸರಿಯಲ್ಲ, ಆಡಳಿತದ ಅನೇಕ ಶಾಖೆಗಳಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ಹುರುಪು, ವ್ಯವಹಾರ ಜ್ಞಾನಗಳು ಪುಸ್ತಕದ ಪಾಂಡಿತ್ಯದಷ್ಟೇ ಕೆಲಸಕ್ಕೆ ಬರುತ್ತವೆ ಎಂಬುದು ಅದರ ವಾದದ ಸಾರಾಂಶ. ಮೀಸಲಾತಿಯ ಇತಿಹಾಸದಲ್ಲಿ ಈ ವರದಿಯನ್ನು ಎಲ್ಲರೂ ನೆನೆಯುತ್ತಾರೆ. ಶಾಲೆಯ ಹೊರಗಿನ ಗುಣಗಳಿಗೂ ಬೆಲೆಯುಂಟು ಎಂದು ಒಂದು ಸರ್ಕಾರಿ ಸಮಿತಿ ಬರೆದಿಟ್ಟ ದಾಖಲೆಯಾಗಿಯೂ ಅದನ್ನು ನೆನೆಯಬೇಕು.

ಪರೀಕ್ಷೆ ಇಲ್ಲದ ವಿದ್ಯಾಪೀಠ

ಇದೇ ಸಂಸ್ಥಾನದಲ್ಲಿ ಇದಕ್ಕೆ ಪೂರ್ತಿ ಭಿನ್ನವಾದ ಇನ್ನೊಂದು ಪ್ರಯೋಗವೂ ನಡೆಯಿತು. 1940ರ ದಶಕದಲ್ಲಿ ಮೈಸೂರಿನಲ್ಲಿ ನೆಲೆಗೊಂಡ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಹಳ್ಳಿಗೆ ಅಕ್ಷರ ಒಯ್ದಿತು. ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ವಾರಪತ್ರಿಕೆಯನ್ನೂ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ತಂದಿತು. ಆ ದಶಕದ ಕೊನೆಗೆ ನಂಜನಗೂಡಿನಲ್ಲಿ ಅದು ವಿದ್ಯಾಪೀಠವನ್ನು ಆರಂಭಿಸಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳಿಂದ ಪ್ರೇರಣೆ ಪಡೆದ ಈ ವಿದ್ಯಾಪೀಠಗಳಲ್ಲಿ ಹಳ್ಳಿಯ ಯುವಕರು ಕೆಲವು ತಿಂಗಳು ಜತೆಗಿದ್ದು ಬೇಸಾಯ, ಕಸುಬು, ಊರಿನ ಆಡಳಿತ, ಹಾಡು, ನಾಟಕಗಳನ್ನು ಕಲಿಯುತ್ತಿದ್ದರು. ಪದವಿ ಕೊಡುವುದು ಅವುಗಳ ಉದ್ದೇಶವಾಗಿರಲಿಲ್ಲ. ಒಳ್ಳೆಯ ರೈತ, ಒಳ್ಳೆಯ ನಾಗರಿಕ ತಯಾರಾದರೆ ಸಾಕು ಎಂಬುದು ಅವುಗಳ ನಿಲುವು.

ಎಲ್ಲ ಕಲಿಕೆಗೂ ಕಾಗದ ಬೇಕಿಲ್ಲ ಎಂಬ ಈ ನಿಲುವಿನಲ್ಲಿ ಘನತೆಯಿದೆ. ಹೊಲವಿದ್ದ ರೈತನ ಮಗನಿಗೆ ಅದು ಒಪ್ಪುತ್ತದೆ. ಹೊಲವಿಲ್ಲದೆ ಪೇಟೆಗೆ ಬಂದು ಕೆಲಸ ಕೇಳಬೇಕಾದವನಿಗೆ ಮಾತ್ರ ಕಾಗದವಿಲ್ಲದ ವಿದ್ಯೆ ಅರ್ಧ ವಿದ್ಯೆಯೇ ಆಗುತ್ತದೆ. ಪೇಟೆ ಬೆಳೆದಂತೆಲ್ಲ ಅಂಥವರ ಸಂಖ್ಯೆಯೂ ಬೆಳೆಯಿತು.

ಕಾರ್ಖಾನೆಯಿಂದ ಎಂಜಿನಿಯರ್ ಪದವಿಗೆ

ಮೈಸೂರಿನ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿ ಓಡಾಡುವವರು ‘ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್’ ಸ್ಥಳೀಯ ಕೇಂದ್ರದ ಕಟ್ಟಡವನ್ನು ನೋಡಿರಬಹುದು. 1920ರಲ್ಲಿ ಸ್ಥಾಪನೆಯಾಗಿ ಕಲ್ಕತ್ತದಲ್ಲಿ ಕೇಂದ್ರ ಕಚೇರಿ ಹೊಂದಿದ ಈ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆ ಒಂದು ಕಾಲಕ್ಕೆ ಕಾರ್ಖಾನೆ ನೌಕರರ ಏಣಿಯಾಗಿತ್ತು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ಹಗಲು ದುಡಿದು, ರಾತ್ರಿ ಓದಿ, ‘ಎ’ ಮತ್ತು ‘ಬಿ’ ವಿಭಾಗಗಳನ್ನು ತೇರ್ಗಡೆ ಮಾಡಿದರೆ ಸರ್ಕಾರ ಅದನ್ನು ಬಿ.ಇ.ಗೆ ಸಮಾನವೆಂದು ಪರಿಗಣಿಸುತ್ತಿತ್ತು. ಕೆಲಸಕ್ಕೆ ರಜೆ ಹಾಕಿ ನಾಲ್ಕು ವರ್ಷ ಕಾಲೇಜಿಗೆ ಹೋಗಲಾಗದ ಅನೇಕರು ಈ ದಾರಿಯಿಂದ ಎಂಜಿನಿಯರ್ ಹುದ್ದೆ ಏರಿದರು.

2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಸಮಾನತೆ ಅನ್ವಯವೆಂದು ಕೇಂದ್ರ ಸರ್ಕಾರ ಗೆರೆ ಎಳೆಯಿತು. ಆ ದಿನದ ಹಿಂದೆ ಸೇರಿದ ಮತ್ತು ಮುಂದೆ ಸೇರಿದ ಇಬ್ಬರು ಓದುವ ಶ್ರಮದಲ್ಲಿ ಹೆಚ್ಚು ಕಡಿಮೆ ಏನಿಲ್ಲ. ಬದಲಾದದ್ದು ಕಾಗದದ ಬೆಲೆ.

ಐ.ಟಿ.ಐ. ಮಟ್ಟದಲ್ಲೂ ಇಂಥದೇ ಒಂದು ದಾರಿ ಇತ್ತು. ಕೆಲವು ವರ್ಷ ಕಾರ್ಖಾನೆಯಲ್ಲಿ ದುಡಿದ ಫಿಟ್ಟರ್, ಟರ್ನರ್‌ಗಳು ಖಾಸಗಿ ಅಭ್ಯರ್ಥಿಗಳಾಗಿ ಅಖಿಲ ಭಾರತ ಕಸುಬು ಪರೀಕ್ಷೆಗೆ ಕೂರಬಹುದಾಗಿತ್ತು. ಕೈಯ ಕೆಲಸವನ್ನು ಕೈಯಿಂದಲೇ ಮಾಡಿ ತೋರಿಸಬೇಕು. ಅಳತೆ ತಪ್ಪಿದರೆ ಅನುತ್ತೀರ್ಣ.

ತೆರೆದ ಬಾಗಿಲು, ಮುಚ್ಚಿದ ಕದ

ಉನ್ನತ ಶಿಕ್ಷಣದಲ್ಲಿ ‘ಎಲ್ಲಿ ಕಲಿತರೂ ಸರಿ, ಪರೀಕ್ಷೆ ಬರೆಯಿರಿ’ ಎಂಬ ಮಾತನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಆಡಿದ್ದು ಲಂಡನ್ ವಿಶ್ವವಿದ್ಯಾನಿಲಯ, 1858ರಲ್ಲಿ. ಮಾರನೆಯ ಶತಮಾನದಲ್ಲಿ ಆ ಗಾಳಿ ನಮ್ಮ ಕಡೆಗೂ ಬೀಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ಮುಂದುವರಿಕೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಪಾಠಗಳು ಅಂಚೆಯಲ್ಲಿ ಮನೆಗೆ ಬಂದವು. ಶಿಕ್ಷಕರು, ಗುಮಾಸ್ತರು, ಪೊಲೀಸರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಅವುಗಳನ್ನು ಓದಿ ಪದವೀಧರರಾದರು. ಇದೇ ಸಂಸ್ಥೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಎಲ್ಲರಿಗೂ ಎಲ್ಲೆಡೆ ಉನ್ನತ ಶಿಕ್ಷಣ ಎಂಬುದು ಅದರ ಧ್ಯೇಯವಾಕ್ಯ.

ಇದಕ್ಕೂ ಮೊದಲೇ, 1985ರಲ್ಲಿ, ಯುಜಿಸಿ ಒಂದು ಮಹತ್ವದ ನಿಯಮ ಮಾಡಿತ್ತು. ಹನ್ನೆರಡು ವರ್ಷದ ಶಾಲಾ ಓದು ಇಲ್ಲದವರೂ ಆ ವರ್ಷದ ಜುಲೈ 1ಕ್ಕೆ 21 ವಯಸ್ಸು ತುಂಬಿದ್ದು, ವಿಶ್ವವಿದ್ಯಾನಿಲಯ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದೂರಶಿಕ್ಷಣದ ಮೂಲಕ ಮೊದಲ ಪದವಿಗೆ ಸೇರಬಹುದು ಎಂಬುದೇ ಆ ನಿಯಮ. ಶಾಲೆಯ ಮುಖವನ್ನೇ ನೋಡದವರೂ ಬದುಕಿನಲ್ಲಿ ಸಾಕಷ್ಟು ಕಲಿತಿರಬಹುದು ಎಂದು ಉನ್ನತ ಶಿಕ್ಷಣದ ಅತಿ ದೊಡ್ಡ ಸಂಸ್ಥೆಯೇ ಒಪ್ಪಿದಂತಾಯಿತು.

ಆದರೆ ಕೆಲವು ವಿಶ್ವವಿದ್ಯಾನಿಲಯಗಳು ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಪದವಿ ಇಲ್ಲದವರನ್ನೂ ನೇರವಾಗಿ ಎಂ.ಎ.ಗೆ ಸೇರಿಸಿಕೊಂಡವು. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾನಿಲಯ ಹೀಗೆ ಕೊಟ್ಟ ಪದವಿಯೊಂದರ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ನ್ಯಾಯಾಲಯ, ಮೊದಲ ಪದವಿ ಇಲ್ಲದ ಎಂ.ಎ.ಯನ್ನು ಹುದ್ದೆಗೆ ಅರ್ಹತೆಯೆಂದು ಒಪ್ಪಲಾಗದು, 1985ರ ಯುಜಿಸಿ ನಿಯಮಗಳಿಗೆ ಮುಕ್ತ ವಿಶ್ವವಿದ್ಯಾನಿಲಯಗಳೂ ಬದ್ಧ ಎಂದಿತು. ಆ ತೀರ್ಪಿನಿಂದ ಬಾಗಿಲು ಎಲ್ಲಿಯವರೆಗೆ ತೆರೆದಿದೆ ಎಂಬುದು ಸ್ಪಷ್ಟವಾಯಿತು. ಜತೆಗೇ ಪದವಿ ಕೈಯಲ್ಲಿದ್ದೂ ಕೆಲಸಕ್ಕೆ ಬಾರದವರ ಒಂದು ಸಾಲು ಹೊರಗೆ ಉಳಿಯಿತು.

ಮೈಸೂರಿನವರಿಗೆ ಇದಕ್ಕಿಂತ ಹತ್ತಿರದ ಪೆಟ್ಟು ಬಿದ್ದದ್ದು 2015ರಲ್ಲಿ. ರಾಜ್ಯದ ಗಡಿಯಾಚೆ ಕಲಿಕಾ ಕೇಂದ್ರಗಳನ್ನು ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನು ಕೊಟ್ಟದ್ದು ಮೊದಲಾದ ನಿಯಮೋಲ್ಲಂಘನೆಗಳನ್ನು ಹೇಳಿ, 2012-13ರ ನಂತರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಆತಂಕ ಸಣ್ಣದಲ್ಲ. ಹಗಲು ಕೆಲಸ ಮಾಡಿ ರಾತ್ರಿ ಓದಿದ ವ್ಯಕ್ತಿಯ ತಲೆಯಲ್ಲಿದ್ದ ವಿದ್ಯೆ ಪ್ರಕಟಣೆಯ ಹಿಂದಿನ ದಿನ ಎಷ್ಟಿತ್ತೋ ಮರುದಿನವೂ ಅಷ್ಟೇ ಇತ್ತು. ನಿಯಮ ಮುರಿದದ್ದು ಸಂಸ್ಥೆ, ಅದರ ಬೆಲೆ ತೆತ್ತದ್ದು ವಿದ್ಯಾರ್ಥಿ. ಯಾರು ಅಳೆಯುತ್ತಾರೆ ಎಂಬುದರಷ್ಟೇ, ಅಳೆಯುವ ಸಂಸ್ಥೆ ನಂಬಿಕೆ ಉಳಿಸಿಕೊಳ್ಳುತ್ತದೆಯೇ ಎಂಬುದೂ ಮುಖ್ಯ ಎಂಬ ಪಾಠ ಇಲ್ಲಿದೆ.

ಹೊರದೇಶಗಳ ದಾರಿ

ಫ್ರಾನ್ಸಿನಲ್ಲಿ ಈ ವಿಚಾರಕ್ಕೆ ಕಾನೂನಿನ ಬಲ ಬಂದು ಬಹಳ ಕಾಲವಾಯಿತು. ದುಡಿದು ಕಲಿತ ತಂತ್ರಜ್ಞರು ಪರೀಕ್ಷೆಯ ಮೂಲಕ ಎಂಜಿನಿಯರ್ ಎಂಬ ಬಿರುದು ಪಡೆಯಲು 1934ರ ಕಾಯ್ದೆಯಲ್ಲೇ ಅವಕಾಶವಿತ್ತು. 2002ರ ಜನವರಿಯ ಕಾಯ್ದೆ ಅದನ್ನು ಎಲ್ಲ ವೃತ್ತಿಗಳಿಗೂ ವಿಸ್ತರಿಸಿತು. ಅಭ್ಯರ್ಥಿ ತಾನು ಏನೇನು ಕೆಲಸ ಮಾಡಿದೆ, ಅದರಿಂದ ಏನು ಕಲಿತೆ ಎಂದು ವಿವರವಾಗಿ ಬರೆದು ಪುರಾವೆಗಳೊಡನೆ ಸಲ್ಲಿಸುತ್ತಾನೆ. ಅಧ್ಯಾಪಕರೂ ವೃತ್ತಿನಿರತರೂ ಇರುವ ಮಂಡಳಿ ಅದನ್ನು ಓದಿ, ಅವನನ್ನು ಎದುರು ಕೂರಿಸಿ ಪ್ರಶ್ನಿಸುತ್ತದೆ. ಒಪ್ಪಿಗೆಯಾದರೆ ಇಡೀ ಡಿಪ್ಲೊಮಾವನ್ನೇ ಕೊಡುತ್ತದೆ, ಇಲ್ಲವೇ ಒಂದು ಭಾಗವನ್ನು ಕೊಟ್ಟು ಉಳಿದದ್ದನ್ನು ಕಲಿತು ಬಾ ಎನ್ನುತ್ತದೆ. ಆ ಡಿಪ್ಲೊಮಾಕ್ಕೂ ತರಗತಿಯಲ್ಲಿ ಕೂತವನ ಡಿಪ್ಲೊಮಾಕ್ಕೂ ವ್ಯತ್ಯಾಸವಿಲ್ಲ.

ದಕ್ಷಿಣ ಆಫ್ರಿಕದಲ್ಲಿ ಇದು ನ್ಯಾಯದ ಪ್ರಶ್ನೆಯಾಗಿಯೇ ಬಂತು. ವರ್ಣಭೇದದ ಆಡಳಿತ ಕಪ್ಪು ಜನರನ್ನು ಒಳ್ಳೆಯ ಶಾಲೆಗಳಿಂದ ಹೊರಗಿಟ್ಟಿತ್ತು. ಅವರು ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ಕಲಿತದ್ದಕ್ಕೆ ಬೆಲೆ ಕೊಡದಿದ್ದರೆ ಆ ಅನ್ಯಾಯ ಕಾಗದದ ರೂಪದಲ್ಲಿ ಮುಂದುವರಿಯುತ್ತದೆ ಎಂಬ ವಿವೇಕದಿಂದ 1995ರಲ್ಲಿ ಅರ್ಹತೆಗಳ ರಾಷ್ಟ್ರೀಯ ಪ್ರಾಧಿಕಾರದ ಕಾಯ್ದೆ ತಂದರು. ಮಿಲ್ಲರ್ ಸಮಿತಿಯ ಮಾತನ್ನು ಬಲ್ಲ ನಮಗೆ ಈ ತರ್ಕ ಅಪರಿಚಿತವೇನಲ್ಲ.

ಈಗ ನಮ್ಮಲ್ಲಿ

ನಮ್ಮ ದೇಶದಲ್ಲೂ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹಲವು ಹೆಜ್ಜೆಗಳು ಬಿದ್ದಿವೆ. 2013ರ ಡಿಸೆಂಬರಿನಲ್ಲಿ ಕೌಶಲಗಳನ್ನು ಮಟ್ಟಗಳಾಗಿ ವಿಂಗಡಿಸುವ ರಾಷ್ಟ್ರೀಯ ಚೌಕಟ್ಟು ಪ್ರಕಟವಾಯಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಯ ಮಾನ್ಯತೆಗೆ ಪ್ರತ್ಯೇಕ ಭಾಗವೇ ಇದೆ. ಕೆಲಸಗಾರನನ್ನು ಗುರುತಿಸಿ, ಮಾತಾಡಿಸಿ, ಅಲ್ಪಾವಧಿ ತಿಳಿವಳಿಕೆ ಕೊಟ್ಟು, ಪರೀಕ್ಷಿಸಿ, ಪ್ರಮಾಣಪತ್ರ ಕೊಡುವುದು ಅದರ ಕ್ರಮ. ಯೋಜನೆಯ ಎರಡನೆಯ ಹಂತದಲ್ಲಿ ಆ ತಿಳಿವಳಿಕೆಗೆ ಕನಿಷ್ಠ 12 ಗಂಟೆ ಗೊತ್ತುಮಾಡಿದ್ದರು. ತೇರ್ಗಡೆಯಾದವರಿಗೆ 500 ರೂಪಾಯಿ ಕೊಡುತ್ತಿದ್ದರು.

ಉನ್ನತ ಶಿಕ್ಷಣದ ಕಡೆಯಿಂದಲೂ ಕೈ ಚಾಚಿದ್ದಾರೆ. ವೃತ್ತಿಯಲ್ಲಿ ಕನಿಷ್ಠ 15 ವರ್ಷ ಅನುಭವವುಳ್ಳ ಪರಿಣತರನ್ನು ಪದವಿಯ ಕಟ್ಟಳೆಯಿಲ್ಲದೆ ‘ವೃತ್ತಿನಿರತ ಪ್ರಾಧ್ಯಾಪಕ’ರನ್ನಾಗಿ ತೆಗೆದುಕೊಳ್ಳಲು ಯುಜಿಸಿ 2022ರಲ್ಲಿ ಅವಕಾಶ ಮಾಡಿತು. ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಅದು ಮೀರುವಂತಿಲ್ಲ, ಅದು ಖಾಯಂ ಹುದ್ದೆಯೂ ಅಲ್ಲ. 2023ರಲ್ಲಿ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕಾಲೇಜುಗಳಿಗೆ ಕರೆಸಿಕೊಳ್ಳುವ ಮಾರ್ಗಸೂಚಿ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಮುಂದೆ ಹೋಯಿತು. ವರ್ಷಕ್ಕೆ 1200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್ ಎಂದು ಲೆಕ್ಕ ಹಾಕುವ ಈ ಚೌಕಟ್ಟಿನಲ್ಲಿ ಶಾಲೆ, ಕಾಲೇಜು, ಕಸುಬು, ಅನುಭವ ಎಲ್ಲವನ್ನೂ ಒಂದೇ ನಾಣ್ಯದಲ್ಲಿ ಎಣಿಸಬಹುದು.

ಕಾಗದದ ಮೇಲೆ ಇದು ಬಹುಕಾಲದ ಕನಸು ಕೈಗೂಡಿದಂತೆ ಕಾಣುತ್ತದೆ. ಆದರೆ ಆಕಾಶವಾಣಿಯ ಧ್ವನಿಪರೀಕ್ಷೆ ಕಲಿಸಿದ ಮೂರು ಮಾತುಗಳನ್ನು ಇಲ್ಲಿ ಒರೆಹಚ್ಚಿ ನೋಡಬೇಕು.

ಮೊದಲನೆಯದು, ಅಳೆಯುವವರು ಬಲ್ಲವರೇ? ಬೀಟೆ ಮರದ ಕುಸುರಿಯಲ್ಲಿ ಯಾವ ಮರದ ಚೂರು ಯಾವ ಬಣ್ಣಕ್ಕೆ, ಎಳೆ ಯಾವ ದಿಕ್ಕಿಗೆ ಎಂಬ ತೀರ್ಮಾನ ಕಣ್ಣಿನಲ್ಲಿರುತ್ತದೆ. ಪಟ್ಟಿಯಲ್ಲಿ ಟಿಕ್ ಹಾಕುವ ಪರೀಕ್ಷಕನಿಗೆ ಅದು ಕಾಣುವುದಿಲ್ಲ. ಇನ್ನೊಬ್ಬ ಹಳೆಯ ಕುಸುರಿಗಾರನಿಗೆ ಕಾಣುತ್ತದೆ. ಅಂಥವರನ್ನು ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಬೇಕಾದರೆ ಅವರಿಗೆ ಪದವಿ ಇದೆಯೇ ಎಂದು ಕೇಳುವ ಚಟ ಬಿಡಬೇಕು.

ಎರಡನೆಯದು, ಅಳತೆ ನಂಬಿಕೆಗೆ ಅರ್ಹವೇ? ತಿಳಿವಳಿಕೆಗೆ 12 ಗಂಟೆ, ಎಣಿಕೆಗೆ ಗುರಿ ಎಂದಾಗ ಸಂಖ್ಯೆ ತುಂಬಿಸುವ ಆಸೆ ಹುಟ್ಟುವುದು ಸಹಜ. ಎಲ್ಲರಿಗೂ ಸಿಗುವ ಪತ್ರಕ್ಕೆ ಮಾಲೀಕ ಬೆಲೆ ಕೊಡುವುದಿಲ್ಲ. ವಿದ್ವತ್ ಪರೀಕ್ಷೆಗೆ ಇಂದಿಗೂ ಮರ್ಯಾದೆ ಇರುವುದು ಅದರಲ್ಲಿ ಅನುತ್ತೀರ್ಣರಾಗುವವರೂ ಇದ್ದಾರೆ ಎಂಬ ಕಾರಣಕ್ಕೆ.

ಮೂರನೆಯದು, ಪತ್ರದ ಹಿಂದೆ ಏನು ಬರುತ್ತದೆ? ಒಂದು ಸಲದ 500 ರೂಪಾಯಿ ಬೇರೆ, ತಿಂಗಳ ಕೂಲಿಯಲ್ಲಿ ಏರಿಕೆ ಬೇರೆ. ಕೌಶಲದ ಪ್ರಮಾಣಪತ್ರ ತೋರಿಸಿದವನನ್ನು ಪದವಿ ಕಾಲೇಜು ಸೇರಿಸಿಕೊಳ್ಳಬೇಕು, ಸರ್ಕಾರಿ ಇಲಾಖೆ ಬಡ್ತಿಗೆ ಪರಿಗಣಿಸಬೇಕು. ಹಾಗಾಗಬೇಕಾದರೆ ಪ್ರತಿ ಇಲಾಖೆಯ ನೇಮಕಾತಿ ನಿಯಮದಲ್ಲಿ ಒಂದೊಂದು ಸಾಲು ತಿದ್ದಬೇಕು. ‘ತೇರ್ಗಡೆಯಾಗಿರಬೇಕು’ ಎಂಬುದರ ಮುಂದೆ ‘ಅಥವಾ ತತ್ಸಮಾನ ಮಟ್ಟದ ಮಾನ್ಯ ಪ್ರಮಾಣಪತ್ರ ಹೊಂದಿರಬೇಕು’ ಎಂದು ಸೇರಿಸಿ, ಆ ತತ್ಸಮಾನ ಯಾವುದು ಎಂಬ ಪಟ್ಟಿಯನ್ನೂ ಲಗತ್ತಿಸಬೇಕು. ಹಿಂದಿ ಪರೀಕ್ಷೆಗಳಿಗೆ ಅಂಟಿಕೊಂಡ ಸಣ್ಣ ಅಕ್ಷರದ ಷರತ್ತು ಇಲ್ಲಿ ಮರುಕಳಿಸಬಾರದು.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳೆಲ್ಲ ಮೈಸೂರಿನಲ್ಲಿ ಒಂದೇ ಕಡೆ ಸಿಗುತ್ತವೆ ಎಂಬುದು ವಿಶೇಷ. ಶತಮಾನ ದಾಟಿದ ವಿಶ್ವವಿದ್ಯಾನಿಲಯವಿದೆ, ಮುಕ್ತ ವಿಶ್ವವಿದ್ಯಾನಿಲಯವಿದೆ, ಸಂಗೀತ ವಿಶ್ವವಿದ್ಯಾನಿಲಯವಿದೆ. ಅಳೆಯಬೇಕಾದ ವಿದ್ಯೆಯುಳ್ಳ ಕುಸುರಿಗಾರರು, ಚಿತ್ರಕಾರರು, ನೇಕಾರರು, ಮೆಕ್ಯಾನಿಕ್‌ಗಳು ಇದ್ದಾರೆ. ಅಳೆಯಬಲ್ಲ ಹಿರಿಯರೂ ಅವರ ನಡುವೆಯೇ ಇದ್ದಾರೆ. ಒಂದು ಕಸುಬನ್ನು ಆರಿಸಿಕೊಂಡು, ಇಬ್ಬರು ಅಧ್ಯಾಪಕರು ಮತ್ತು ಇಬ್ಬರು ಹಳೆಯ ಕೆಲಸಗಾರರ ಮಂಡಳಿ ಮಾಡಿ, ಬಂದವರ ಕೆಲಸ ನೋಡಿ ಇಂತಿಷ್ಟು ಕ್ರೆಡಿಟ್ ಎಂದು ಬರೆದುಕೊಡುವುದಕ್ಕೆ ದೊಡ್ಡ ಕಟ್ಟಡವೇನೂ ಬೇಕಿಲ್ಲ. ಕೆಲವರಿಗೆ ಇಲ್ಲ ಎನ್ನಬೇಕಾಗುತ್ತದೆ. ಹೌದು ಎಂದವರಿಗೆ ಕೊಟ್ಟ ಪತ್ರ ಮಾರನೆಯ ದಿನ ಯಾವ ಕಚೇರಿಯ ಕಿಟಕಿಯಲ್ಲೂ ವಾಪಸು ಬರದಂತೆ ನೋಡಿಕೊಳ್ಳುವುದು ಆಮೇಲಿನ, ಬಹುಶಃ ಹೆಚ್ಚು ಕಷ್ಟದ, ಕೆಲಸ.